ಗುಂಡಿಯ ಲೆಕ್ಕ ಗ್ಯಾರೇಜಿನಲ್ಲಿ

ಮಳೆ ಹೊಳವಾಗಿ ದಸರೆ ಹತ್ತಿರ ಬರುವ ಹೊತ್ತಿಗೆ ಸಾಗರದ ಯಾವ ಗ್ಯಾರೇಜಿಗೆ ಹೋದರೂ ಮುಂದಿನ ಚಕ್ರ ಬಿಚ್ಚಿಸಿಕೊಂಡು ಜಾಕಿನ ಮೇಲೆ ನಿಂತ ಕಾರುಗಳೇ ಅಂಗಳದ ತುಂಬ. ಜೂನ್ ತಿಂಗಳಿಂದ ಸುರಿದ ನೀರು ರಸ್ತೆಗೆ ಏನು ಮಾಡಿತೋ ಅದನ್ನೇ ರಸ್ತೆ ಕಾರಿಗೆ ಮಾಡಿರುತ್ತದೆ. ಬಂದವರೆಲ್ಲ ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಮುಂದೆ ಎಂತದೋ ಸೌಂಡ್ ಬರ್ತಾ ಇದೆ, ಸ್ವಲ್ಪ ನೋಡಿ ಮಾರಾಯ್ರೆ."

ಆ ಸದ್ದಿನಲ್ಲೂ ಬಗೆಗಳಿವೆ. ಜಲ್ಲಿ ಎದ್ದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಬಿಡದೆ ಕಟಕಟ ಅಂದರೆ ಲಿಂಕ್ ರಾಡು. ಗುಂಡಿಗಿಳಿದು ಏಳುವಾಗ ದಡ್ ಎಂದು ಒಂದೇ ಏಟು ಕೇಳಿಸಿದರೆ ಲೋಯರ್ ಆರ್ಮಿನ ಬುಷ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಕಿರ್ರೆಂದು ಏನೋ ಜಿಗಿದ ಹಾಗಾದರೆ ಸ್ಟ್ರಟ್ಟಿನ ತಲೆಯ ಮೇಲಿನ ಮೌಂಟು, ಇಲ್ಲವೇ ಅದರ ಬೇರಿಂಗು. ಸದ್ದೇ ಇಲ್ಲದೆ, ಹಂಪ್ ದಾಟಿದ ಮೇಲೂ ಕಾರಿನ ಮೂತಿ ಎರಡು ಮೂರು ಸಲ ಏಳುತ್ತ ಬೀಳುತ್ತ ಹೋದರೆ ಶಾಕ್ ಅಬ್ಸಾರ್ಬರ್ ಸೋತಿದೆ ಎಂದು ಲೆಕ್ಕ. ಇದನ್ನೆಲ್ಲ ನನಗೆ ಕಲಿಸಿದವರು ನಮ್ಮೂರ ಮೆಕ್ಯಾನಿಕ್. ಊರವರೆಲ್ಲ ಅವರನ್ನು ಭಾಯಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರಿಗೆ ನಾನು ಮೇಷ್ಟ್ರು.

ಕಾರು ಕೊಳ್ಳುವಾಗ ಯಾರೂ ಬಗ್ಗಿ ನೋಡದ ಭಾಗ ಸಸ್ಪೆನ್ಷನ್. ಬಣ್ಣ, ಸೀಟು, ಮೈಲೇಜು, ಡ್ಯಾಶ್‌ಬೋರ್ಡಿನ ಪರದೆ ಎಲ್ಲವನ್ನೂ ವಿಚಾರಿಸುತ್ತೇವೆ. ಆದರೆ ಒಳಗೆ ಕೂತವರ ಬೆನ್ನಿಗೂ ಹೊರಗಿನ ರಸ್ತೆಗೂ ನಡುವೆ ನಿಂತು ಏಟು ತಿನ್ನುವುದು ಅದು. ಗುಂಡಿಗೆ ಚಕ್ರ ಬಿದ್ದಾಗ ಸ್ಪ್ರಿಂಗ್ ಕುಗ್ಗಿ ಏಟನ್ನು ಒಳಗೆಳೆದುಕೊಳ್ಳುತ್ತದೆ. ಬರಿಯ ಸ್ಪ್ರಿಂಗ್ ಇದ್ದರೆ ತೂಗಿಬಿಟ್ಟ ತೊಟ್ಟಿಲಿನ ಹಾಗೆ ಕಾರು ಬಹಳ ಹೊತ್ತು ಆಡುತ್ತಲೇ ಇರುತ್ತಿತ್ತು. ಆ ತೊಟ್ಟಿಲನ್ನು ಹಿಡಿದು ನಿಲ್ಲಿಸುವ ಕೈ ಶಾಕ್ ಅಬ್ಸಾರ್ಬರ್. ಅದರ ಕೊಳವೆಯೊಳಗೆ ಎಣ್ಣೆ ತುಂಬಿದೆ. ಚಕ್ರ ಏರಿಳಿದಂತೆಲ್ಲ ಆ ಎಣ್ಣೆ ಸಣ್ಣ ಸಣ್ಣ ಕವಾಟಗಳ ತೂತಿನಲ್ಲಿ ನುಸುಳಿ ಹೋಗಬೇಕು. ನುಸುಳುವಾಗ ಏಟಿನ ಶಕ್ತಿ ಕಾವಾಗಿ ಕರಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ದೂರ ಓಡಿ ಬಂದ ಕಾರಿನ ಶಾಕ್ ಅಬ್ಸಾರ್ಬರ್ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ.

ನಯವಾದ ರಸ್ತೆಯಲ್ಲಿ 80,000 ಕಿಲೋಮೀಟರ್, ಕೆಲವೊಮ್ಮೆ ಅದಕ್ಕೂ ಮೀರಿ ಬಾಳಬಲ್ಲ ಈ ಭಾಗ ನಮ್ಮಲ್ಲಿ ಅದರ ಅರ್ಧಕ್ಕೇ ಕೈಕೊಡುತ್ತದೆ. ಗುಂಡಿಯ ಏಟು ಒಂದು ಕಾರಣ, ಕೆಸರು ಇನ್ನೊಂದು. ಹೊಳೆಯುವ ಉಕ್ಕಿನ ರಾಡಿನ ಮೇಲೆ ರಬ್ಬರಿನ ಒಂದು ಬೂಟು ಇರುತ್ತದೆ. ಅದು ಹರಿಯಿತೋ, ಕೆಂಪು ಮಣ್ಣಿನ ಸಣ್ಣ ಮರಳು ರಾಡಿಗೆ ಅಂಟಿಕೊಂಡು, ಏರಿಳಿದಾಗಲೆಲ್ಲ ಸೀಲನ್ನು ತಿಕ್ಕುತ್ತದೆ. ಸೀಲ್ ಸವೆದರೆ ಎಣ್ಣೆ ಒಸರುತ್ತದೆ. ಒಸರಿದ ಎಣ್ಣೆಗೆ ಮತ್ತಷ್ಟು ಮಣ್ಣು. ಇದು ಒಮ್ಮೆ ಶುರುವಾದರೆ ಹಿಂದಕ್ಕೆ ಬರುವುದಿಲ್ಲ.

ನಮ್ಮ ಮನೆಯ ಕಾರಿಗೂ ಹಾಗೇ ಆಯಿತು. ಸಣ್ಣ ಕಾರು, ಕೊಂಡು ಬಹಳ ಕಾಲವಾಗಿಲ್ಲ, ಓಡೋಮೀಟರ್ ಇನ್ನೂ 40,000 ಮುಟ್ಟಿಲ್ಲ. ಸದ್ದು ಶುರುವಾದದ್ದೇ ದೊಡ್ಡ ಊರಿನ ಸರ್ವೀಸ್ ಸೆಂಟರಿಗೆ ಒಯ್ದೆ. ಮಧ್ಯಾಹ್ನದ ಹೊತ್ತಿಗೆ ಅಂದಾಜು ಪಟ್ಟಿ ಬಂತು: ಮುಂದಿನ ಎರಡು ಸ್ಟ್ರಟ್, ಎರಡು ಮೌಂಟ್, ಎರಡು ಲೋಯರ್ ಆರ್ಮ್, ಎರಡು ಲಿಂಕ್ ರಾಡ್, ಕೂಲಿ, ಅಲೈನ್‌ಮೆಂಟ್, ತೆರಿಗೆ. ಎಲ್ಲ ಸೇರಿ ₹36,000ದ ಹತ್ತಿರ. ವಾರಂಟಿ ಇನ್ನೂ ಇದೆಯಲ್ಲ ಎಂದು ಕೇಳಿದೆ. ಆ ಹುಡುಗ ಬಹಳ ಮೆತ್ತಗೆ, ನನಗೆ ನೋವಾಗಬಾರದೆಂಬಂತೆ ಹೇಳಿದ: "ಸರ್, ಇದು ಸವೆಯೋ ಪಾರ್ಟ್ಸು. ವಾರಂಟಿಗೆ ಬರಲ್ಲ. ನಿಮ್ಮ ಕಡೆ ರೋಡ್ ಸರಿ ಇಲ್ಲ ಸರ್."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ವಾರಂಟಿ ಪುಸ್ತಕದ ಹಿಂದಿನ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಬುಷ್, ರಬ್ಬರ್ ಭಾಗ, ಬ್ರೇಕ್ ಪ್ಯಾಡ್ ಎಲ್ಲವನ್ನೂ ಹೊರಗಿಟ್ಟಿರುವುದು ಸಾಮಾನ್ಯ. ಶಾಕ್ ಅಬ್ಸಾರ್ಬರಿಗೆ ವಾರಂಟಿ ಕೊಟ್ಟರೂ ಎಷ್ಟೋ ಕಡೆ ಅದಕ್ಕೆ ಬೇರೆಯದೇ ಗಿಡ್ಡ ಅವಧಿ. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಕಾರು ಮಾಡಿದವರು ರಸ್ತೆಯನ್ನು ತೋರಿಸುತ್ತಾರೆ. ರಸ್ತೆ ಮಾಡಿದವರನ್ನು ಕೇಳಿದರೆ ಮಳೆಯನ್ನು ತೋರಿಸುತ್ತಾರೆ. ಮಲೆನಾಡಿನಲ್ಲಿ ಮಳೆ ಬರುವುದು ಕಾರು ಮಾಡುವವರಿಗೂ ಗೊತ್ತು, ರಸ್ತೆ ಮಾಡುವವರಿಗೂ ಗೊತ್ತು. ಹಾಗಿದ್ದ ಮೇಲೆ ಖರ್ಚೆಲ್ಲ ಕಾರಿನವನ ತಲೆಗೆ ಮಾತ್ರ ಯಾಕೆ ಬರಬೇಕು?

ಪಟ್ಟಿಗೆ ಸಹಿ ಹಾಕದೆ ಕಾರು ತಂದು ಭಾಯಿಯ ಮುಂದೆ ನಿಲ್ಲಿಸಿದೆ.

ಭಾಯಿ ಕೆಲಸ ಮಾಡುವುದನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟ. ಮೊದಲು ಬಾನೆಟ್ಟಿನ ಒಂದೊಂದೇ ಮೂಲೆಯನ್ನು ಎರಡೂ ಕೈಯಲ್ಲಿ ಒತ್ತಿ ಬಿಟ್ಟರು. ಎಡಗಡೆ ಒಂದೇ ಸಲ ಎದ್ದು ನಿಂತಿತು. ಬಲಗಡೆ ಎದ್ದು, ಇಳಿದು, ಮತ್ತೆ ಎದ್ದಿತು. ಆಮೇಲೆ ಟೈರಿನ ಮೈಮೇಲೆ ಅಂಗೈ ಆಡಿಸಿದರು. ಶಾಕ್ ಅಬ್ಸಾರ್ಬರ್ ಹೋದ ಕಾರಿನ ಟೈರು ನೆಲವನ್ನು ಸಮನಾಗಿ ಹಿಡಿಯದೆ ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಸವೆಯುತ್ತದೆ, ಕಣ್ಣಿಗಿಂತ ಮೊದಲು ಅದು ಕೈಗೆ ಸಿಗುತ್ತದೆ. ಕಾರನ್ನು ಎತ್ತಿ, ಉದ್ದನೆಯ ಲಿವರ್ ತೂರಿಸಿ ಒಂದೊಂದೇ ಕೀಲನ್ನು ಮೀಟಿ ನೋಡಿದರು. ಆಮೇಲೆ ನನ್ನನ್ನು ಕರೆದರು.

"ಇಲ್ಲಿ ಬಗ್ಗಿ ನೋಡಿ ಮೇಷ್ಟ್ರೇ. ಬಾಲ್ ಜಾಯಿಂಟ್ ಗಟ್ಟಿ ಇದೆ, ಪ್ಲೇ ಇಲ್ಲ. ಆರ್ಮ್ ಬಗ್ಗಿಲ್ಲ. ಹೋಗಿರೋದು ಹಿಂದಿನ ಬುಷ್. ಒಂದು ಬುಷ್ಷಿಗೋಸ್ಕರ ಇಡೀ ಆರ್ಮ್ ಎಂತಕ್ಕೆ ಬದಲಾಯಿಸ್ತೀರಿ?"

ಹಿಡಿಯೊಳಗೆ ಅಡಗುವಷ್ಟು ಸಣ್ಣ ವಸ್ತು ಬುಷ್. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರ್. ಚಕ್ರ ಏರಿಳಿದಾಗ ಆ ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ರಸ್ತೆಯ ಕಂಪನ ಕಾರಿನ ಮೈಗೆ ದಾಟದ ಹಾಗೆ ತಡೆಯುವುದೂ ಅದೇ. ನನ್ನ ಕಾರಿನ ಬುಷ್ ಅರ್ಧಚಂದ್ರದಷ್ಟು ಸೀಳಿತ್ತು.

ಬುಷ್ ಬಿಡಿಯಾಗಿ ಸಿಕ್ಕರೆ ನೂರುಗಳ ಲೆಕ್ಕದಲ್ಲಿ ಮುಗಿಯುತ್ತದೆ, ಆರ್ಮ್ ಸಮೇತ ಕೊಂಡರೆ ಸಾವಿರಗಳು. ಎಷ್ಟೋ ಕಾರುಗಳಿಗೆ ಬುಷ್ ಬಿಡಿಯಾಗಿ ಅಧಿಕೃತ ಅಂಗಡಿಯಲ್ಲಿ ಸಿಗುವುದಿಲ್ಲ, ಇಡೀ ಆರ್ಮನ್ನೇ ಕೊಳ್ಳಬೇಕು. ಬಿಡಿಭಾಗಗಳನ್ನೂ ರಿಪೇರಿಯ ಸಲಕರಣೆಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ವಿಧಿಸಿತ್ತು. ಪ್ರಕರಣ ಮೇಲ್ಮನವಿಗಳಲ್ಲಿ ಬಹಳ ವರ್ಷ ಎಳೆಯಿತು, ನಿಜ. ಆದರೂ ಭಾಯಿಯಂಥವರ ಗ್ಯಾರೇಜಿಗೆ ಕಂಪನಿಯ ಅಸಲಿ ಭಾಗ ಬರಬೇಕು, ಬರುವುದು ನ್ಯಾಯ ಎಂದು ಒಂದು ಸಂಸ್ಥೆ ಬರೆದಿಟ್ಟಿತಲ್ಲ, ಅದು ಸಣ್ಣ ಸಂಗತಿಯಲ್ಲ. ನನ್ನ ಕಾರಿನ ಬುಷ್ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು.

ಬಂದ ಬುಷ್ಷನ್ನು ಪ್ರೆಸ್ಸಿನಲ್ಲಿ ಕೂರಿಸಿ, ಆರ್ಮ್ ಜೋಡಿಸಿ, ಬೋಲ್ಟುಗಳನ್ನು ಕೈಬಿಗಿಯಷ್ಟೇ ಹಾಕಿ ಭಾಯಿ ಕಾರನ್ನು ಕೆಳಗಿಳಿಸಿದರು. ಚಕ್ರಗಳು ನೆಲಕ್ಕೆ ಕೂತ ಮೇಲೆ ಕಾರಿನಡಿ ಮಲಗಿ ಕೊನೆಯ ಬಿಗಿ ಹಾಕಿದರು. ಮೇಲೆ ಎತ್ತಿದ್ದಾಗಲೇ ಹಾಕಿದ್ದರೆ ನಿಂತುಕೊಂಡೇ ಮುಗಿಯುತ್ತಿತ್ತು, ಮಣ್ಣಿನಲ್ಲಿ ಯಾಕೆ ಮಲಗುತ್ತೀರಿ ಎಂದೆ.

"ಗಾಡಿ ನೇತಾಡ್ತಾ ಇರೋವಾಗ ಚಕ್ರ ಕೆಳಗೆ ಜೋತು ಬಿದ್ದಿರ್ತದೆ. ಆವಾಗ ಬಿಗಿ ಹಾಕಿದ್ರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರ್ತದೆ. ನಿಂತಿರೋವಾಗ್ಲೂ ತಿರುಚಿಕೊಂಡೇ ಇರ್ತದೆ. ಹೊಸ ಬುಷ್ ಹಾಕಿ ಆರು ತಿಂಗಳಿಗೆ ಮತ್ತೆ ಬಂದ್ರು ಅಂದ್ರೆ ಅರ್ಧಕ್ಕರ್ಧ ಇದೇ ಕಥೆ."

ಇದನ್ನು ಕೇಳಿದ ಮೇಲೆ ಅಕಾಲದ ರಿಪೇರಿಗೆಲ್ಲ ರಸ್ತೆಯೊಂದನ್ನೇ ದೂರುವುದು ನನ್ನಿಂದ ಸಾಧ್ಯವಿಲ್ಲ. ಬಿಗಿ ಹಾಕುವ ಹೊತ್ತು ತಪ್ಪಿದರೆ ಒಳ್ಳೆಯ ರಸ್ತೆಯಲ್ಲೂ ಬುಷ್ ಸಾಯುತ್ತದೆ. ವಾಟರ್ ಸರ್ವೀಸಿನವರು ತುಕ್ಕು ಹಿಡಿಯಬಾರದೆಂದು ಕಾರಿನ ಹೊಟ್ಟೆಗೆಲ್ಲ ಡೀಸೆಲ್ಲನ್ನೋ ಹಳೆ ಎಣ್ಣೆಯನ್ನೋ ಎರಚುತ್ತಾರಲ್ಲ, ಅದೂ ಬುಷ್ಷಿಗೆ ವಿಷ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಸಹಜ ರಬ್ಬರ್ ಉಬ್ಬಿ, ಮೆತ್ತಗಾಗಿ, ಸೀಳುತ್ತದೆ. ಊರಲ್ಲಿ ಅದನ್ನು ಕಾರಿಗೆ ಮಾಡುವ ಉಪಚಾರ ಎಂದು ತಿಳಿದು ದುಡ್ಡು ಕೊಟ್ಟು ಮಾಡಿಸುತ್ತಾರೆ. ನೀರು ಹೊಡೆಸಿ, ಎಣ್ಣೆ ಬೇಡ ಅನ್ನಿ ಎಂದು ಸಿಕ್ಕವರಿಗೆಲ್ಲ ನಾನೀಗ ಹೇಳುತ್ತಿದ್ದೇನೆ.

ಕೂಲಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮುಂದಿನ ಶಾಕ್ ಅಬ್ಸಾರ್ಬರ್ ಬದಲಾಯಿಸುವ ಕೂಲಿ ಯಾಕೆ ಅಷ್ಟು ಎಂದು ಕೇಳುವವರು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರನ ಕಥೆ ತಿಳಿಯಬೇಕು. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಅವನು ಜನರಲ್ ಮೋಟಾರ್ಸ್‌ನಲ್ಲಿ ಕಡಿಮೆ ಬೆಲೆಯ ಸಣ್ಣ ಕಾರೊಂದನ್ನು ರೂಪಿಸುತ್ತಿದ್ದ. ಆ ಕಾರು ಹೊರಗೆ ಬರಲೇ ಇಲ್ಲ. ಅವನು ಫೋರ್ಡ್ ಕಂಪನಿಗೆ ಹೋದ. ಅವನ ಸ್ಟ್ರಟ್ ಹೊತ್ತ ಫೋರ್ಡ್ ಕಾನ್ಸಲ್ 1950ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಚಕ್ರ ತಿರುಗುವ ಅಚ್ಚು ಮೂರನ್ನೂ ಅವನು ಒಂದೇ ಕಂಬದಲ್ಲಿ ಸೇರಿಸಿದ್ದ. ಭಾಗ ಕಡಿಮೆ, ಜಾಗ ಕಡಿಮೆ, ಖರ್ಚು ಕಡಿಮೆ. ಇವತ್ತು ನಮ್ಮ ರಸ್ತೆಯ ಹೆಚ್ಚುಕಮ್ಮಿ ಎಲ್ಲ ಸಣ್ಣ ಕಾರುಗಳ ಮುಂದಿನ ಚಕ್ರವನ್ನು ಹಿಡಿದಿರುವುದು ಅದೇ ಕಂಬ. ಸಂಬಳದ ಮನೆಗೊಂದು ಕಾರು ಬಂದದ್ದರಲ್ಲಿ ಆ ಮನುಷ್ಯನ ಪಾಲೂ ಇದೆ, ಅದಕ್ಕಾಗಿ ನನಗೆ ಅವನ ಮೇಲೆ ಗೌರವ. ಆದರೆ ಮೂರು ಒಂದಾದ್ದರಿಂದ ಯಾವುದೊಂದು ಕೆಟ್ಟರೂ ಕಂಬವನ್ನೇ ಇಳಿಸಬೇಕು. ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಅದುಮಿ ಹಿಡಿದು ತಲೆಯ ನಟ್ ಬಿಚ್ಚಬೇಕು; ಹಿಡಿತ ಜಾರಿದರೆ ಬಿಚ್ಚುವವನ ಕೈಯೋ ಮುಖವೋ ಉಳಿಯುವುದಿಲ್ಲ. ಕೂಡಿಸಿದ ಮೇಲೆ ಅಲೈನ್‌ಮೆಂಟ್ ಆಗಲೇಬೇಕು. ಈ ಕೂಲಿಯಲ್ಲಿ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಅಂಬಾಸಡರ್ ಓಡಿಸಿದ ಹಿರಿಯ ಡ್ರೈವರುಗಳು ಇನ್ನೂ ಕೆಲವರು ನಮ್ಮ ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. ಅವರ ಮಾತಿನಲ್ಲಿ ಗ್ರೀಸ್ ಹೊಡೆಸುವುದು ದೊಡ್ಡ ವಿಷಯ. ಚಕ್ರದ ಹತ್ತಿರದ ಒಂದೊಂದು ಕೀಲಿಗೂ ನಿಪ್ಪಲ್ ಇತ್ತು, ತಿಂಗಳಿಗೊಮ್ಮೆ ಗನ್ ಹಚ್ಚಿ ಹೊಸ ಗ್ರೀಸ್ ತುಂಬಿದರೆ ಹಳೆಯದು ಮರಳು ಸಮೇತ ಹೊರಗೆ ಬರುತ್ತಿತ್ತು. ಈಗಿನ ಬಾಲ್ ಜಾಯಿಂಟು ಕಾರ್ಖಾನೆಯಲ್ಲೇ ಮುಚ್ಚಿ ಬಂದದ್ದು. ರಬ್ಬರ್ ಟೊಪ್ಪಿ ಹರಿಯುವ ತನಕ ಅದಕ್ಕೆ ಆಯುಷ್ಯ. ಟೊಪ್ಪಿ ಹರಿದಿದೆ ಎಂದು ಮೊದಲೇ ಕಂಡರೆ ಸಣ್ಣ ಖರ್ಚಿನಲ್ಲಿ ಉಳಿಸಬಹುದು; ಅದಕ್ಕೆ ಯಾರಾದರೂ ಕಾರಿನಡಿ ನೋಡಬೇಕು. ಮಳೆಗಾಲ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬರಿದೇ ಎತ್ತಿ ನೋಡಿಸಿ ಎಂದು ಭಾಯಿ ಹೇಳುತ್ತಾರೆ. ಅದಕ್ಕೆ ಅವರು ದುಡ್ಡು ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಸೋರುತ್ತಿದ್ದದ್ದು ಬಲಗಡೆಯ ಶಾಕ್ ಅಬ್ಸಾರ್ಬರ್ ಒಂದೇ ಆದರೂ ಎರಡನ್ನೂ ಬದಲಾಯಿಸಬೇಕೆಂದು ಭಾಯಿ ಪಟ್ಟು ಹಿಡಿದರು. ನಾನು ಒಪ್ಪಿದೆ. ಒಂದು ಹೊಸತು ಒಂದು ಹಳತು ಇದ್ದರೆ ತಿರುವಿನಲ್ಲೂ ಬ್ರೇಕಿನಲ್ಲೂ ಕಾರು ಎರಡು ಕಡೆ ಎರಡು ಥರ ವರ್ತಿಸುತ್ತದೆ. ಘಾಟಿಯಲ್ಲಿ ಅದು ಪ್ರಾಣದ ಪ್ರಶ್ನೆ. ಉಳಿತಾಯ ಎಲ್ಲಿ, ಎಲ್ಲಿ ಅಲ್ಲ ಎನ್ನುವ ಗೆರೆಯನ್ನು ಅವರು ಎಳೆದದ್ದು ಹಾಗೆ. ಶಾಕ್ ಅಬ್ಸಾರ್ಬರ್ ಜೋಡಿ, ಲಿಂಕ್ ರಾಡ್ ಜೋಡಿ, ಬುಷ್, ಮೌಂಟ್, ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ ₹14,000ದ ಒಳಗೆ ಮುಗಿಯಿತು. ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದದ್ದೂ ಬಿಲ್ಲಿನಲ್ಲಿ ಕಾಣುತ್ತಿತ್ತು. ಡ್ಯೂಪ್ಲಿಕೇಟ್ ಶಾಕ್ ಅಬ್ಸಾರ್ಬರ್ ಹಾಕಿದ್ದರೆ ಇನ್ನೂ ಕಡಿಮೆಯಾಗುತ್ತಿತ್ತು. ಅದನ್ನು ಭಾಯಿ ಅಂಗಡಿಯೊಳಗೇ ಬಿಟ್ಟುಕೊಳ್ಳುವುದಿಲ್ಲ.

₹14,000 ಕೂಡ ನನ್ನ ಮನೆಗೆ ಒಂದು ತಿಂಗಳ ಲೆಕ್ಕಾಚಾರವನ್ನು ತಲೆಕೆಳಗು ಮಾಡುವ ಮೊತ್ತವೇ. ಆದರೆ ನನಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಅದೇ ಅಂಗಳದಲ್ಲಿ, ನನ್ನ ಕಾರಿನ ಪಕ್ಕದಲ್ಲೇ ನಿಂತಿದ್ದ ಹಳದಿ ಬೋರ್ಡಿನ ಕಾರಿನವನು ನನ್ನ ಹಳೆಯ ವಿದ್ಯಾರ್ಥಿ. ಅವನ ಕಥೆ ಬೇರೆ.

ಸಾಗರದಿಂದ ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ಯುವುದು ಅವನ ಮುಖ್ಯ ಬಾಡಿಗೆ. ಹೊಸನಗರ, ನಗರ ದಾಟಿ, ಹುಲಿಕಲ್ ಘಾಟಿಯಲ್ಲಿ ಚಂಡಿಕಾಂಬೆಗೆ ಕೈಮುಗಿದು ಇಳಿದು, ಹೊಸಂಗಡಿ, ಸಿದ್ದಾಪುರದ ಮೇಲೆ ಹೋಗುವ ದಾರಿ. ದೇಶದಲ್ಲೇ ಬಹಳ ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್ ಒಂದು. ಹೋಗುವಾಗ ಹಿಂದಿನ ಸೀಟಿನಲ್ಲಿ ನೋವು ತಿನ್ನುತ್ತಿರುವವರು, ಬರುವಾಗ ಹೊಲಿಗೆ ಹಾಕಿಸಿಕೊಂಡವರು.

"ಸರ್, ಡಿಸ್ಕ್ ಆಪರೇಷನ್ ಆದವರನ್ನ ಕೂರಿಸಿಕೊಂಡು ಬರ್ತಿದ್ದೆ. ಪ್ರತಿ ಗುಂಡಿಗೂ ಅವರು 'ಅಮ್ಮಾ' ಅಂತಿದ್ರು. ನಾನು ಹತ್ತು ಹದಿನೈದರ ಸ್ಪೀಡಲ್ಲೇ ಬಂದೆ. ಆದ್ರೂ ಶಾಕಪ್ ಹೋಗಿದ್ದು ನಂಗೆ ಗೊತ್ತಿತ್ತಲ್ಲ ಸರ್, ಅವರ ಮುಖ ನೋಡೋಕಾಗ್ಲಿಲ್ಲ."

"ಮತ್ತೆ ಮೊದಲೇ ಯಾಕೋ ಮಾಡಿಸ್ಲಿಲ್ಲ?"

"ಇಎಂಐ ಕಟ್ಟಿ, ಇನ್ಶೂರೆನ್ಸ್ ಕಟ್ಟಿ, ಎಫ್‌ಸಿ ಮಾಡ್ಸಿ ಉಳಿಯೋದೆಷ್ಟು ಸರ್. ಗಾಡಿ ಎರಡು ದಿನ ಇಲ್ಲಿ ನಿಂತ್ರೆ ಎರಡು ಬಾಡಿಗೆ ಹೋಯ್ತು. ಬಿಲ್ಲು ಬೇರೆ, ನಿಂತಿದ್ದು ಬೇರೆ."

ಅವನಿಗೆ ಈ ರಿಪೇರಿ ವರ್ಷ ತಪ್ಪದೆ ಬರುತ್ತದೆ. ಗುಜರಿಯಿಂದ ತಂದ ಹಳೆ ಶಾಕಪ್ ಹಾಕಿಸಿ ಕೆಲವು ತಿಂಗಳು ತಳ್ಳುವ ಡ್ರೈವರುಗಳು ಸ್ಟ್ಯಾಂಡಿನಲ್ಲಿದ್ದಾರೆ. ಅವರನ್ನು ಬೈಯುವುದು ಸುಲಭ. ಆ ಬಾಡಿಗೆಯ ಲೆಕ್ಕವನ್ನು ಒಮ್ಮೆ ಕೂತು ಬರೆದು ನೋಡಿದರೆ ಬೈಯಲು ಬಾಯಿ ಬರುವುದಿಲ್ಲ. ಭಾಯಿ ಅವನಿಗೆ ಹೇಳುವ ಉಪಾಯ ಇಷ್ಟೇ: ಓಡಿದ ಕಿಲೋಮೀಟರಿಗೆ ಒಂದು ರೂಪಾಯಿಯಂತೆ ಬೇರೆ ತೆಗೆದಿಡು, ಅದನ್ನು ಡೀಸೆಲ್ ಖರ್ಚು ಅಂತಲೇ ತಿಳಿ. ಗುಂಡಿ ಕಂಡರೆ ಮೊದಲೇ ಬ್ರೇಕ್ ಹಿಡಿ, ಗುಂಡಿಗಿಳಿಯುವಾಗ ಬ್ರೇಕ್ ಬಿಡು. ಬ್ರೇಕ್ ಒತ್ತಿಕೊಂಡೇ ಇಳಿದರೆ ಮುಂದಿನ ಸ್ಪ್ರಿಂಗ್ ಆಗಲೇ ಕುಗ್ಗಿರುತ್ತದೆ, ಏಟು ನುಂಗಲು ಜಾಗವೇ ಉಳಿದಿರುವುದಿಲ್ಲ. ನಿಧಾನಕ್ಕೂ ಲೆಕ್ಕವಿದೆ. ಒಂದೇ ಗುಂಡಿಗೆ ಇಮ್ಮಡಿ ವೇಗದಲ್ಲಿ ಹೋದರೆ ಏಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಇನ್ನು ಇನ್ಶೂರೆನ್ಸ್. ಸವೆತಕ್ಕೆ ಪಾಲಿಸಿ ಹಣ ಕೊಡುವುದಿಲ್ಲ. ಗುಂಡಿಗೆ ಬಿದ್ದು ಒಂದೇ ಏಟಿಗೆ ಆರ್ಮ್ ಬಗ್ಗಿತು, ರಿಮ್ ಸೀಳಿತು ಎಂದಾದರೆ ಅದು ಅಪಘಾತ, ಸ್ವಂತ ವಾಹನದ ಹಾನಿಗೂ ಪಾಲಿಸಿ ಮಾಡಿಸಿದ್ದರೆ ಕೇಳಬಹುದು. ಕಾರನ್ನು ಓಡಿಸದೆ ಅಲ್ಲೇ ಫೋಟೋ ತೆಗೆದು ತಿಳಿಸಬೇಕು. ಆದರೆ ಒಮ್ಮೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುವ ರಿಯಾಯಿತಿ ಅದು. ಜೊತೆಗೆ 1,500 ಸಿಸಿಯೊಳಗಿನ ಕಾರಿಗೆ ಮೊದಲ ₹1,000 ನಮ್ಮದೇ ಕೈಯಿಂದ. ಐದಾರು ಸಾವಿರದ ಕೆಲಸಕ್ಕೆ ಕ್ಲೇಮ್ ಮಾಡಿದರೆ ಎಷ್ಟೋ ಸಲ ನಷ್ಟವೇ ಹೆಚ್ಚು. ಭಾಗವೇ ದೋಷದ್ದು, ವಾರಂಟಿಯನ್ನು ಅನ್ಯಾಯವಾಗಿ ನಿರಾಕರಿಸಿದರು ಎಂದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಬೇಕೆಂದಿಲ್ಲ. ಹಳೆಯ ಭಾಗವನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬಾರದು, ಅದೇ ಸಾಕ್ಷಿ.

ಇವೆಲ್ಲ ಖರ್ಚು ಬಂದ ಮೇಲಿನ ಮಾತು. ಖರ್ಚು ಹುಟ್ಟುವ ಜಾಗ ರಸ್ತೆ. ಕರ್ನಾಟಕದಲ್ಲಿ ಹೊಸ ಕಾರು ಕೊಂಡ ದಿನವೇ ಜೀವಿತಾವಧಿ ತೆರಿಗೆ ಕಟ್ಟುತ್ತೇವೆ. ಬೆಲೆ ₹5 ಲಕ್ಷ ದಾಟಿ ₹10 ಲಕ್ಷದೊಳಗಿದ್ದರೆ ಶೇ 14, ಅದರ ಮೇಲೆ ಸೆಸ್. ₹7 ಲಕ್ಷದ ಕಾರಿಗೆ ₹98,000. ಅಷ್ಟು ಕೊಟ್ಟವನು ಮತ್ತೆ ಗ್ಯಾರೇಜಿನಲ್ಲೂ ರಸ್ತೆಗೇ ದುಡ್ಡು ಕಟ್ಟುವುದು ಯಾವ ನ್ಯಾಯ?

ರಸ್ತೆಯನ್ನು ಕೊಲ್ಲುವುದು ನೀರು. ಮಳೆ ಎಷ್ಟೇ ಬರಲಿ, ಹರಿದು ಹೋದರೆ ಡಾಂಬರಿಗೆ ಅಷ್ಟಾಗಿ ಏನೂ ಆಗುವುದಿಲ್ಲ, ನಿಂತರೆ ಆಗುತ್ತದೆ. ಪಕ್ಕದ ಚರಂಡಿ ಮಣ್ಣು, ದರಕು, ಪ್ಲಾಸ್ಟಿಕ್ ತುಂಬಿ ಮುಚ್ಚಿಹೋಗಿರುತ್ತದೆ. ನೀರು ರಸ್ತೆಯ ಅಂಚಿನಲ್ಲಿ ನಿಂತು ಒಳಗಿನ ಜಲ್ಲಿಯ ಪದರಕ್ಕೆ ಇಳಿಯುತ್ತದೆ. ಮೇಲೆ ಭಾರದ ಚಕ್ರ ಹೋದಾಗ ಆ ನೀರು ಒತ್ತಡಕ್ಕೆ ಸಿಕ್ಕಿ ಡಾಂಬರನ್ನು ಜಲ್ಲಿಯಿಂದ ಬಿಡಿಸುತ್ತದೆ. ಮೇ ತಿಂಗಳಲ್ಲಿ ಒಬ್ಬ ಆಳು ಗುದ್ದಲಿ ಹಿಡಿದು ಚರಂಡಿ ಬಿಡಿಸಿದ್ದರೆ ಅಕ್ಟೋಬರಿನಲ್ಲಿ ಆ ಗುಂಡಿ ಇರುತ್ತಿರಲಿಲ್ಲ. ಹಿಂದೆ ರಸ್ತೆಗೆ ಗ್ಯಾಂಗಿನವರು ಎಂದು ಇರುತ್ತಿದ್ದರು, ಮೈಲಿಗೊಬ್ಬರೋ ಇಬ್ಬರೋ ಗುದ್ದಲಿ ಬುಟ್ಟಿ ಹಿಡಿದು ಅಡ್ಡಾಡುತ್ತಿದ್ದುದು ನನ್ನ ಬಾಲ್ಯದ ನೆನಪಿನಲ್ಲಿದೆ. ಅವರು ಮತ್ತೆ ಬರಬೇಕು.

ಭಾರದ ವಿಚಾರವೂ ಇದೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಹಗಲಿರುಳು ಓಡಿಸಿ ನೋಡಿದರು. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟು ಎಂದು ಆ ಪರೀಕ್ಷೆಯಿಂದ ತಿಳಿಯಿತು. ಅದೇ ಲೆಕ್ಕದಲ್ಲಿ, ಅಚ್ಚಿಗೆ ಅರ್ಧ ಟನ್ ಬೀಳುವ ಸಣ್ಣ ಕಾರಿನ ಎದುರು ಹತ್ತು ಟನ್ ಬೀಳುವ ಲಾರಿ ಇಪ್ಪತ್ತು ಪಟ್ಟು ಭಾರ. ರಸ್ತೆಗೆ ಅದು ಮಾಡುವ ಹಾನಿ 1,60,000 ಪಟ್ಟು. ಅದಕ್ಕೂ ಮೀರಿ ಕಲ್ಲು, ಮರಳು ಹೇರಿದ ಲಾರಿ ಹಳ್ಳಿಯ ರಸ್ತೆಯಲ್ಲಿ ಒಂದು ಮಳೆಗಾಲ ಓಡಿದರೆ ಉಳಿಯುವುದೇನು? ಲಾರಿ ಡ್ರೈವರನ ಮೇಲೆ ನನಗೆ ಸಿಟ್ಟಿಲ್ಲ, ಹೇರಿಸುವವನು ಅವನಲ್ಲ. ಆದರೆ ತೂಕ ನೋಡಬೇಕಾದವರು ನೋಡದೆ ಬಿಟ್ಟದ್ದರ ಬಿಲ್ಲು ನನ್ನ ವಿದ್ಯಾರ್ಥಿಯ ಕೈಗೆ ಬರುತ್ತಿದೆ.

ಹಂಪಿನ ವಿಷಯ ಇದಕ್ಕಿಂತ ಸೂಕ್ಷ್ಮ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99 ಎಂಬ ಮಾರ್ಗಸೂಚಿಯ ಪ್ರಕಾರ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು, 17 ಮೀಟರ್ ತ್ರಿಜ್ಯದ ಕಮಾನಿನಂತೆ ಏರಿ ಇಳಿಯಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಯಾರಿಗೂ ನೋವಾಗದೆ ದಾಟಬಹುದಾದ ಅಳತೆ ಅದು. ಮೇಲೆ ಬಣ್ಣದ ಪಟ್ಟೆ, 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ. ನಮ್ಮ ಹಳ್ಳಿಗಳ ಹಂಪ್ ಒಂದು ಮೊಳ ಅಗಲದ ಕಾಂಕ್ರೀಟಿನ ಗೋಡೆ. ಅದರ ಮೇಲೆ ಎಷ್ಟು ನಿಧಾನ ಹೋದರೂ ಒಂದೊಂದು ಚಕ್ರವೂ ಹತ್ತಿ ಬೀಳುತ್ತದೆ. ಬಣ್ಣವಿಲ್ಲದ್ದರಿಂದ ರಾತ್ರಿ ಕಾಣುವುದೂ ಇಲ್ಲ.

ಆದರೆ ಅದನ್ನು ಹಾಕಿದವರನ್ನು ನಾನು ಬಲ್ಲೆ. ನಮ್ಮ ಶಾಲೆಯ ತಿರುವಿನಲ್ಲಿ ಒಂದು ಮಗುವಿಗೆ ಬೈಕು ಬಡಿದ ಮರುದಿನ ಊರವರೇ ಸಿಮೆಂಟು, ಜಲ್ಲಿ ತಂದು ರಾತ್ರೋರಾತ್ರಿ ಅಲ್ಲೊಂದು ಹಂಪ್ ಕಟ್ಟಿದರು. ಮಗು ಉಳಿಯಿತು. ಅದಕ್ಕೆ ಮೊದಲು ಹಂಪಿಗಾಗಿ ಎಷ್ಟೋ ಅರ್ಜಿ ಹೋಗಿದ್ದವು, ಯಾರೂ ಬಂದಿರಲಿಲ್ಲ. ಕಾರಿನ ಬುಷ್ ಉಳಿಸುವುದಕ್ಕಾಗಿ ಆ ಹಂಪ್ ತೆಗೆಯಿರಿ ಎಂದು ನಾನು ಯಾವತ್ತೂ ಕೇಳಲಾರೆ. ಅಲ್ಲಿಯೇ ಸರಿಯಾದ ಅಳತೆಯ ಹಂಪ್ ಬೇಕು. ಮಕ್ಕಳೂ ಉಳಿಯಬೇಕು, ಆ ದಾರಿಯಲ್ಲಿ ಆಪರೇಷನ್ ಮುಗಿಸಿ ಮನೆಗೆ ಬರುವವರ ಬೆನ್ನೂ ಉಳಿಯಬೇಕು. ಎರಡೂ ಆಗುವ ಅಳತೆ ಎಂದೋ ಅಚ್ಚಾಗಿ ಕೂತಿದೆ.

ಕೇಳುವುದಕ್ಕೆ ದಾರಿಗಳಿವೆ. ಬೆಂಗಳೂರಿನ ರಸ್ತೆಗುಂಡಿಗಳ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2019ರಲ್ಲಿ, ಓಡಾಡಲು ಯೋಗ್ಯವಾದ ರಸ್ತೆ ನಾಗರಿಕರ ಹಕ್ಕು, ಗುಂಡಿಯಿಂದ ನಷ್ಟವಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದಿತು. ಆ ಮಾತು ಬೆಂಗಳೂರಿಗಷ್ಟೇ ಸತ್ಯವಾಗಿರಲು ಸಾಧ್ಯವಿಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಂತೂ ಐದು ವರ್ಷದ ನಿರ್ವಹಣೆ ಗುತ್ತಿಗೆದಾರನ ಕರಾರಿನಲ್ಲೇ ಇರುತ್ತದೆ. ರಸ್ತೆ ಶುರುವಾಗುವಲ್ಲಿ ನೆಟ್ಟ ಫಲಕದಲ್ಲಿ ಕೆಲಸ ಮುಗಿದ ದಿನಾಂಕವೂ ಬರೆದಿರುತ್ತದೆ. ಬಳ್ಳಿ ಹಬ್ಬಿದ್ದರೆ ಸರಿಸಿ ಓದಬೇಕು.

ಹಾಗಾಗಿ ನಾವೊಂದು ಅರ್ಜಿ ಬರೆದಿದ್ದೇವೆ. ಟ್ಯಾಕ್ಸಿ ಸ್ಟ್ಯಾಂಡಿನ ಹುಡುಗರ ಹೇಳಿಕೆ, ನನ್ನ ಬರಹ. ಶಾಲೆಯ ತಿರುವಿನಲ್ಲಿ 3.7 ಮೀಟರಿನ ಹಂಪ್, ಮೇ ತಿಂಗಳೊಳಗೆ ಚರಂಡಿ, ಲಾರಿಗಳಿಗೆ ತೂಕದ ತಪಾಸಣೆ, ಮೂರೇ ಬೇಡಿಕೆ. ಜೊತೆಗೆ ಒಂದು ವರ್ಷದಲ್ಲಿ ಈ ರಸ್ತೆಗಾಗಿ ಸ್ಟ್ಯಾಂಡಿನವರು ಗ್ಯಾರೇಜಿಗೆ ಕಟ್ಟಿದ ಬಿಲ್ಲುಗಳ ನಕಲು. ನನ್ನದನ್ನೂ ಸೇರಿಸಿದ್ದೇನೆ. ಮೊತ್ತ ಕೂಡಿಸಿ ಕೆಳಗೆ ಬರೆದು ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿಸಿ ಮೇಲಕ್ಕೆ ಕಳಿಸುವುದು ಎಂದು ಮಾತಾಗಿದೆ. ಇನ್ನೂ ಕೆಲವರ ಬಿಲ್ಲು ಬರಬೇಕು. ಕೆಲಸ ಮಾಡಿಸಿಯೂ ಬಿಲ್ಲು ಇಟ್ಟುಕೊಳ್ಳದವರಿಗೆ, ತಮ್ಮ ಡೈರಿಯಲ್ಲಿ ಗಾಡಿ ನಂಬರು ಹುಡುಕಿ, ಯಾವ ಭಾಗಕ್ಕೆ ಎಷ್ಟಾಯಿತೆಂದು ಬರೆದು ಸಹಿ ಹಾಕಿಕೊಡುತ್ತೇನೆಂದು ಭಾಯಿ ಹೇಳಿದ್ದಾರೆ. ಗ್ರಾಮಸಭೆ ಬರುವ ಸೋಮವಾರ ಬೆಳಿಗ್ಗೆ, ಆವತ್ತು ಬಾಡಿಗೆ ಹಿಡಿಯುವುದಿಲ್ಲ ಎಂದು ಸ್ಟ್ಯಾಂಡಿನವರೆಲ್ಲ ಒಪ್ಪಿದ್ದಾರೆ. ಆಸ್ಪತ್ರೆಗೆ ಹೋಗುವವರು ಯಾರಾದರೂ ಬಂದರೆ ಅವರಿಗಾಗಿ ಒಂದು ಕಾರು ಮಾತ್ರ ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ.